ಹೊಳೆಯ ಅಂಗೈ

ಚಾಮರಾಜಪೇಟೆ, ಬೆಂಗಳೂರು
೮ ಸೆಪ್ಟೆಂಬರ್ ೨೦೨೪

ಚಿ. ಸೌ. ಶಿವರಂಜಿನಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ನಾನು ಕ್ಷೇಮ. ನೀನೂ ಅಳಿಯಂದಿರೂ ಮೈಸೂರಿನಲ್ಲಿ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಶ್ರಾವಣದಲ್ಲೇ ಬರೆಯಬೇಕೆಂದಿದ್ದೆ, ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನಾನು 'ಊಟ ಆಯ್ತಾ' ಅಂತೀನಿ, ನೀನು 'ಆಯ್ತು' ಅಂತೀಯ, ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ಈ ಕಾಗದ.

ಒಂದು ಸುದ್ದಿ ಇದೆ, ನಗಬೇಡ. ನಾನು ಕಾಂಬೋಡಿಯಾಕ್ಕೆ ಹೋಗಬೇಕೆಂದಿದ್ದೇನೆ. ಶ್ರೀಶೈಲ ಬಿಟ್ಟರೆ ದೂರದ ಊರು ಕಂಡವಳಲ್ಲ ನಾನು. ಆದರೂ ಪಾಸ್‌ಪೋರ್ಟ್ ಬಂದಿದೆ.

ನಿನ್ನ ಅಪ್ಪಾಜಿ ಕೆಲಸ ಮಾಡುತ್ತಿದ್ದ ಪ್ರೆಸ್ಸಿನಲ್ಲಿ ಯಾವುದೋ ಟ್ರಾವೆಲ್ಸ್‌ನವರ ಕ್ಯಾಲೆಂಡರ್ ಅಚ್ಚಾಗುವಾಗ ಒಂದು ಹಾಳೆ ಮನೆಗೆ ತಂದಿದ್ದರು. ಆ ದೇಶದ ಕಾಡಿನ ನಡುವೆ ತಿಳಿನೀರಿನ ಹೊಳೆ, ಅದರ ತಳದ ಬಂಡೆಯ ತುಂಬ ಕೆತ್ತಿದ ಪುಟ್ಟ ಲಿಂಗಗಳು. 'ನೋಡೇ ಕುಮಾರಿ, ನಾವು ಅಂಗೈಲಿ ಇಟ್ಕೊಂಡು ಪೂಜೆ ಮಾಡ್ತೀವಿ. ಇಲ್ಲಿ ಹೊಳೇನೇ ಅಂಗೈಲಿ ಇಟ್ಕೊಂಡಿದೆ. ರಿಟೈರ್ ಆದ್ಮೇಲೆ ಹೋಗ್ಬರೋಣ' ಅಂದರು. ಆ ಹಾಳೆ ಇನ್ನೂ ಬೀರುವಿನ ಬಾಗಿಲಿನ ಒಳಗಡೆ ಅಂಟಿದೆ. ಸೀರೆ ತೆಗೆಯುವಾಗಲೆಲ್ಲ ಹೊಳೆ ಕಾಣುತ್ತದೆ. ಈಚೆಗೆ ಮಧ್ಯಾಹ್ನ ಒಂದಿಷ್ಟು ಒರಗಿದರೆ ಸಾಕು, ಮಂಚದ ಕೆಳಗೆ ನೀರು ಹರಿದಂತೆ ಕೇಳುತ್ತದೆ. ಎದ್ದು ನೋಡಿದರೆ ನಲ್ಲಿ ನಿಲ್ಲಿಸಿಯೇ ಇರುತ್ತದೆ.

ಪಕ್ಕದ ಮನೆಯ ರಂಗನಾಯಕಿಯವರ ಜೊತೆ ಗಾಂಧಿಬಜಾರಿನ ಟೂರ್ ಆಫೀಸಿಗೆ ಹೋಗಿದ್ದೆ. 'ಅಲ್ಲಿ ಹುಳ ಹುರಿದು ತಿಂತಾರಂತೆ ಕಣ್ರೀ. ನಾನು ಪುಳಿಯೋಗರೆ ಗೊಜ್ಜು ಮಾಡ್ಕೊಡ್ತೀನಿ' ಅಂದರು. 'ನಿಮ್ಮ ಗೊಜ್ಜು ನೋಡಿದ್ರೆ ಆ ಹುಳಾನೂ ಎದ್ದು ಓಡತ್ತೆ' ಅಂದೆ. ಅಪ್ಪಾಜಿ ಹೋದ ಮೇಲೆ ನಾನು ತಮಾಷೆ ಮಾಡಿದ್ದು ಅದೇ ಮೊದಲು. ಅವರು ಆಟೋದಲ್ಲಿ ಬಿದ್ದು ಬಿದ್ದು ನಕ್ಕರು.

ಆಫೀಸಿನ ಮನೋಹರ್ ಒಳ್ಳೆಯ ಹುಡುಗ. 'ನವೆಂಬರ್ ಕೊನೇಲಿ ಹೋಗಿ ಮೇಡಂ, ಹೊಳೇಲಿ ನೀರಿರತ್ತೆ. ಏರ್‌ಪೋರ್ಟ್‌ನಲ್ಲಿ ಮಾತ್ರ ಕೊರಳಿನ ಬೆಳ್ಳಿ ಕರಡಿಗೆ ಬಿಚ್ಚಿ ಟ್ರೇನಲ್ಲಿಡಿ ಅಂತಾರೆ' ಅಂದ.

'ಅದರೊಳಗೆ ಲಿಂಗ ಇದೆಯಪ್ಪ. ಮೈಮೇಲಿಂದ ತೆಗೆಯೋ ಹಾಗಿಲ್ಲ. ಮಣ್ಣಿಗೆ ಹೋಗೋವಾಗ್ಲೂ ಅಂಗೈಲಿಟ್ಟೇ ಕಳಿಸೋದು' ಅಂದೆ. ರಂಗನಾಯಕಿಯವರು ತಕ್ಷಣ 'ಅಲ್ಲಿ ಕಾಫಿ ಸಿಗತ್ತೇನಪ್ಪ?' ಎಂದು ಮಾತು ತಿರುಗಿಸಿದರು.

ಒಂದು ರೂಮಿಗೆ ಇಬ್ಬರಂತೆ. ಇನ್ನೊಬ್ಬರು ಯಾರು ಎಂದು ಮನೋಹರ್ ಕೇಳಿದ. ನಿನ್ನನ್ನು ಒಂದು ಮಾತೂ ಕೇಳದೆ 'ಮಗಳು' ಅಂದುಬಿಟ್ಟೆ. ಅಪ್ಪಾಜಿಯ ತಿಥಿ ಮುಗಿಸಿಕೊಂಡು ಹೋದವಳು ನೀನು ಮತ್ತೆ ಈ ಹೊಸ್ತಿಲು ತುಳಿದಿಲ್ಲ. ಕರೆದಾಗಲೆಲ್ಲ ಸ್ಕೂಲಿನ ಕೆಲಸ ಅನ್ನುತ್ತೀಯ. ನಿನ್ನೆ ಗಣೇಶನ ಹಬ್ಬಕ್ಕೆ ಕಡುಬು ಮಾಡಿ ದಾರಿ ನೋಡಿದೆ. ಮನೆಗೆ ಬರಲು ಆಗದಿದ್ದರೆ ಹೋಗಲಿ, ಅಷ್ಟು ದೂರಕ್ಕಾದರೂ ನನ್ನ ಜೊತೆ ಬಾ.

ಶಿವನು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಶಿವಕುಮಾರಿ

ಕವರ್ ಅಂಟಿಸುವ ಮುಂಚೆ ಇನ್ನೊಂದು ಮಾತು. ಆಪರೇಷನ್‌ಗೆ ಒಯ್ಯುವಾಗ ನರ್ಸ್ ಅಪ್ಪಾಜಿಯ ಕೊರಳಿನ ಲಿಂಗ ಬಿಚ್ಚಿ ನಿನ್ನ ಕೈಗೆ ಕೊಟ್ಟಿದ್ದಳು. ಮಣ್ಣು ಮಾಡುವಾಗ ಎಲ್ಲರೂ ಅದನ್ನು ಹುಡುಕಿದರು. ಅತ್ತು ಅತ್ತು ಮಂಕಾಗಿದ್ದ ನಿನಗೆ, ಅದು ನಿನ್ನ ಬ್ಯಾಗಿನಲ್ಲೇ ಇರುವುದು ನೆನಪಾಗಲಿಲ್ಲ. ಸ್ವಾಮಿಗಳು ಅಪ್ಪಾಜಿಯ ಅಂಗೈಯಲ್ಲಿ ಹೊಸದೊಂದನ್ನು ಇಟ್ಟು ಕಳಿಸಿದರು. ನೀನು ಊರಿಗೆ ಹೊರಟ ದಿನವೇ, ನೀನು ಕರ್ಚೀಫಿನಲ್ಲಿ ಸುತ್ತಿ ಹೇಳದೆ ಇಟ್ಟುಹೋದ ಅವರ ಲಿಂಗ ನನಗೆ ವಿಭೂತಿ ಡಬ್ಬಿಯಲ್ಲಿ ಸಿಕ್ಕಿತು. ಅಂದಿನಿಂದ ನನ್ನದರ ಜೊತೆ ಅದಕ್ಕೂ ನೀರೆರೆಯುತ್ತಿದ್ದೇನೆ. ಸ್ವಾಮಿಗಳಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿಲ್ಲ. 'ಹರಿಯೋ ನೀರಿಗೆ ಒಪ್ಪಿಸಿಬಿಡಿ ತಾಯಿ' ಅಂದರು. ಯಾವ ಹೊಳೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿನ್ನ ಮೇಲೆ ನನಗೆ ಕೋಪ ಯಾವತ್ತೂ ಇರಲಿಲ್ಲ ಮಗಳೇ. ಅಪ್ಪಾಜಿ ತೋರಿಸಿದ ಆ ಹೊಳೆಗಿಳಿದು ಅದನ್ನು ಒಪ್ಪಿಸುವವಳು ನೀನೇ. ಬಂಡೆ ಜಾರುತ್ತದಂತೆ. ನಿನ್ನ ಇನ್ನೊಂದು ಕೈ ನಾನು ಹಿಡಿದುಕೊಂಡಿರುತ್ತೇನೆ.