ಕುರುಡು ಕಿಟಕಿ

ಅಕ್ಟೋಬರ್ ೧೪, ಮಂಗಳವಾರ.

ಬಂಗಲೆಯ ಪೂರ್ವದ ಗೋಡೆಯಲ್ಲಿರುವ ಆ ಮುಚ್ಚಿದ ಕಿಟಕಿ ತಲೆ ಕೊರೆಯುತ್ತಿದೆ. ಹಿಂದಿನ ಧಣಿಗಳು, ಮನೆಯ ಕಿಟಕಿಗಳನ್ನು ಎಣಿಸಿ ಹಾಕುತ್ತಿದ್ದ ಹಳೇ ಕಾಲದ ಕಿಟಕಿ ತೆರಿಗೆ ತಪ್ಪಿಸಲು ಅದಕ್ಕೆ ಇಟ್ಟಿಗೆ ಕಟ್ಟಿಸಿದರೆಂದು, ನೋಡಲು ಬಂದವರಿಗೆಲ್ಲ ಒಂಬತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಇವತ್ತು ರಿಪೇರಿಗೆ ಬಂದ ಮೇಸ್ತ್ರಿ ಹಾರ್ಗ್ರೀವ್ ನಕ್ಕುಬಿಟ್ಟ.

"ಯಾವ ತೆರಿಗೆ ಯಜಮಾನ್ರೇ! ಇದು ಹುಟ್ಟಾ ಕುರುಡು, ಕಟ್ಟುವಾಗ್ಲೇ ಮುಚ್ಚಿದ್ದು. ಹಿಂದೆ ಹೊಗೆಗೂಡಿದೆ, ನೋಡಿ. ಎರಡೂ ಕಡೆ ಸಮ ಕಾಣ್ಲಿ ಅಂತ ಇಟ್ಟಿದ್ದಾರೆ, ಅಷ್ಟೆ."

ಸಿಮೆಟ್ರಿ. ಕಾಲೇಜಿನಲ್ಲಿ ಓದಿದ ಮಾತು, ಅರ್ಧ ಮರೆತಿದ್ದೆ.

ಆ ತೆರಿಗೆಯ ಕಥೆ ನನ್ನ ಹೆಂಡತಿ ಮ್ಯೂರಿಯಲ್‌ಳದು. ಅವಳು ತೀರಿಕೊಂಡ ಮೇಲೆ ಬಂಗಲೆ ತೋರಿಸುವ ಅವಳ ಗೈಡ್ ಕೆಲಸವನ್ನು ನಾನು ಹಿಡಿದೆ, ಅವಳ ಮಾತುಗಳನ್ನೇ ಹೇಳುತ್ತ ಬಂದೆ. ನಾಳೆ ಹತ್ತಕ್ಕೆ ಶಾಲೆಯ ಮಕ್ಕಳು ಬರುತ್ತಾರೆ. ನಿಜವನ್ನೇ ಹೇಳಬೇಕು. ಇಷ್ಟು ದಿನ ತಪ್ಪು ಹೇಳಿದವನು ನಾನೇ ಎನ್ನುತ್ತೇನೆ, ಅವಳ ಹೆಸರೆತ್ತುವುದಿಲ್ಲ. ಆದರೆ ಆ ಗೋಡೆಯ ಮುಂದೆ ಅವಳ ಮಾತೂ ಇಲ್ಲದಿದ್ದರೆ, ನಾನು ಅಲ್ಲಿ ನಿಂತು ಯಾರ ದನಿ ಕೇಳಲಿ?