ಅಮ್ಮನ ಬಿತ್ತನೆ ಗಡ್ಡೆ

ಬೆಳೆರೋಗ ಪರೀಕ್ಷಾ ಕೊಠಡಿ,
ಬುಧವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಭಾವ ಫೋನಿನಲ್ಲಿ “ನಿಮ್ಮಕ್ಕ ಯಾರ ಮಾತು ಕೇಳ್ತಾಳೆ?” ಎಂದು ಗೊಣಗಿದರು. ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳಬೇಡ ತಾಯಿ, ಒಂದು ಮಣೆಯಾದರೂ ಹಾಕಿಕೋ. ನಾನು ಚೆನ್ನಾಗಿದ್ದೇನೆ.

ಈ ಸಲ ಎಲ್ಲ ಕಡೆ ಆಲೂಗಡ್ಡೆಗೆ ಅಂಗಮಾರಿ ರೋಗ ಬಿದ್ದಿರುವುದು ನಿನಗೆ ಗೊತ್ತೇ ಇದೆ. ಎಲೆ ಕಪ್ಪಾಗಿ ಗಿಡ ಸುಟ್ಟ ಹಾಗೆ ಬಾಡುತ್ತದೆ. ರೋಗದ ಕಣ ಗಾಳಿಯಲ್ಲಿ ಬರುತ್ತದೆಂದು ನಾವು ಚಾವಣಿಯ ಮೇಲೆ ಅಂಟು ಹಚ್ಚಿದ ಗಾಜುಪಟ್ಟಿ ಇಟ್ಟು ಕಾಯುತ್ತಿದ್ದೆವು. ನೋಡಿದರೆ ರೋಗ ಗಾಳಿಗೆ ಎದುರಾಗಿ ನಡೆದಿತ್ತು! ತಲೆ ಕೆಟ್ಟುಹೋಯಿತು. ರೋಗ ಮೊದಲು ಕಂಡ ಜಾಗಗಳಿಗೆ ನಕ್ಷೆಯಲ್ಲಿ ಗುಂಡುಪಿನ್ನು ಚುಚ್ಚುತ್ತ ಹೋದೆ. ಚಿಕ್ಕಮ್ಮನ ಹೊಲ, ನಿನ್ನ ಬೀಗರ ಹಿತ್ತಲು, ಟೈಲರ್ ಮಾವನ ಮನೆ ಹಿಂದಿನ ಪಾತಿ. ನಮ್ಮ ಮೇಲಧಿಕಾರಿ ಇಣುಕಿ ನೋಡಿ, “ಇವರೆಲ್ಲ ಒಬ್ಬರಿಗೊಬ್ಬರು ಗೊತ್ತಾ?” ಅಂದರು. ಗೊತ್ತಿಲ್ಲದೆ ಏನು? ಎಲ್ಲರೂ ನಿನ್ನ ಮನೆಗೆ ಬಂದು ಹೋದ ನೆಂಟರೇ!

ಅಮ್ಮ ನೆನಪಾದಳು. ಬಂದವರನ್ನು “ಬರಿಗೈಲಿ ಕಳಿಸಬಾರದು ಕಣ್ರೇ” ಎಂದು ಮಂಚದಡಿಯಿಂದ ಬಿತ್ತನೆ ಗಡ್ಡೆ ತೆಗೆದು ಗಂಟು ಕಟ್ಟಿಕೊಡುತ್ತಿದ್ದಳಲ್ಲ? ಮೊಳಕೆ ಬಂದದ್ದನ್ನು ನಾವಿಬ್ಬರು ಬೋರಲು ಮಲಗಿ ಆರಿಸಬೇಕು. ಒಂದು ಕೈಜಾರಿದರೂ “ಕಲ್ಲೇನೇ ಅದು? ಕೂಸು ಎತ್ತಿದ ಹಾಗೆ ಎತ್ತು” ಎಂಬ ಬೈಗುಳ. ಎಷ್ಟು ಸಲ ಆ ಮಣ್ಣಿನ ವಾಸನೆಯಲ್ಲೇ ನಿದ್ದೆ ಹೋಗಿದ್ದೇವೋ! ಅಮ್ಮ ತೀರಿಕೊಂಡ ಮೇಲೆ ಆ ತಳಿಯನ್ನು ನೀನೊಬ್ಬಳೇ ಉಳಿಸಿಕೊಂಡೆ, ಅವಳ ಹಾಗೆಯೇ ಹಂಚಿದೆ. ಅದಕ್ಕೇ ನಿನ್ನನ್ನು ಕಂಡರೆ ನನಗೆ ಅಷ್ಟು ಪ್ರೀತಿ. ಹೋದ ವಾರ ಭಾವ ಕಳಿಸಿದ ಗಡ್ಡೆಗಳನ್ನು ಕೊಯ್ದು ನೋಡಿದೆ. ಮೇಲೆ ಮುದ್ದಾಗಿದ್ದವು, ಒಳಗೆ ಕಂದು ಕಲೆ. ಮತ್ತೊಮ್ಮೆ ಪರೀಕ್ಷಿಸಿದೆ. ಅದೇ ರೋಗ ಅಕ್ಕಾ.

ಭಾವನವರಿಗೆ ನಮಸ್ಕಾರ, ಮೊಮ್ಮಗುವಿಗೆ ಮುತ್ತು. ಕೋಪ ಬಂದರೂ ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಂಗಿ,
ಮೊದ್ದು

ತಾ.ಕ.: ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಮುಂದಿನ ಶುಕ್ರವಾರ ನಮ್ಮ ಜೀಪು ನಿನ್ನಲ್ಲಿಗೆ ಬರುತ್ತದೆ. ಗಿಡ, ಗಡ್ಡೆ, ಬಿತ್ತನೆ ಎಲ್ಲವನ್ನೂ ಸುಡಬೇಕು. ಆದೇಶಕ್ಕೆ ಸಹಿ ಹಾಕಿದವಳು ನಾನೇ. ನಾಲ್ಕು ಗಡ್ಡೆ ಎಲ್ಲಾದರೂ ಬಚ್ಚಿಡೋಣ ಅಂತ ನಿನಗೆ ಅನ್ನಿಸಿಯೇ ಅನ್ನಿಸುತ್ತದೆ. ನಾನಾಗಿದ್ದರೂ ಬಚ್ಚಿಡುತ್ತಿದ್ದೆ. ಬೇಡ. ಒಂದೇ ಒಂದು ಉಳಿದರೂ ಚಿಕ್ಕಮ್ಮನ ಬೆಳೆ ಬರುವ ವರ್ಷವೂ ಮಣ್ಣುಪಾಲಾಗುತ್ತದೆ. ಜೀಪಿನಲ್ಲಿ ನಾನೂ ಇರುತ್ತೇನೆ, ಗುದ್ದಲಿ ನಾನೇ ಹಿಡಿಯುತ್ತೇನೆ. ಆಮೇಲೆ ನೀನು ಬೈದರೂ ಸರಿ, ಬಾಗಿಲು ಹಾಕಿಕೊಂಡರೂ ಸರಿ, ಅವತ್ತು ನಿನ್ನ ಮನೆ ಬಿಟ್ಟು ನಾನು ಹೋಗುವುದಿಲ್ಲ.