ಸಮಾಧಾನದ ಸದ್ದು

ಗುರುವಾರ, ದೀಪ ಹಚ್ಚಿದ ಮೇಲೆ
ಅಡುಗೆಮನೆಯ ಮೇಜಿನಿಂದ

ನನ್ನ ಕಹಳೆಗೆ,

ಅಕ್ಕನ ಮೇಲಿನ ಸಿಟ್ಟು ಇಳಿದಿಲ್ಲ ಅಂತ ಗೊತ್ತು. ಆದರೂ ಈ ಕಾಗದವನ್ನು ಹರಿಯುವ ಮುಂಚೆ ಒಂದು ಸಲ ಓದು. ಓದಿಯಾದ ಮೇಲೆ ಹರಿ, ಬೇಡ ಅನ್ನುವುದಿಲ್ಲ.

ಫೋನಿನ ಧ್ವನಿಯ ಮೇಲೆ ಸಂಶೋಧನೆ ಮಾಡಿ ಮಾಡಿ ತಲೆ ನರೆಸಿಕೊಂಡವಳು ಕೊನೆಗೆ ಪೆನ್ನು ಹಿಡಿದು ಕೂತಿದ್ದೇನೆ, ನಗು ಬಂದರೆ ನಗು. ನಾನು ಕಳಿಸಿದ ಮೆಸೇಜುಗಳನ್ನೆಲ್ಲ ನೀನು ನೋಡಿದ್ದೀಯ, ನೋಡಿದ ಗುರುತು ನನಗೆ ಕಾಣುತ್ತದೆ. ಒಂದಕ್ಕೂ ಉತ್ತರವಿಲ್ಲ. ಕಡೆಗೆ ನಿನ್ನೆ ನಿಮ್ಮ ವಾರ್ಡಿನ ನರ್ಸಮ್ಮನಿಗೇ ಫೋನ್ ಮಾಡಿದೆ. ಗೋಡೆ ಕಡೆ ಮುಖ ಮಾಡಿ ಮಲಗಿರುತ್ತೀಯಂತೆ. ಸೋಮವಾರ ರೇಡಿಯೇಷನ್‌ಗೆ ಕರೆದರೆ ಎದ್ದು ಹೋಗಲಿಲ್ಲವಂತೆ. ಸ್ಲೇಟಿನ ಮೇಲೆ "ಸಾಕು" ಅಂತ ಬರೆದು ತೋರಿಸಿದೆಯಂತೆ. ಸಾಕು ಅಂದರೆ ಏನೇ ಅರ್ಥ? ಯಾರಿಗೆ ಸಾಕು?

ಭಾನುವಾರ ಆದದ್ದನ್ನು ನೀನು ಕೇಳಿದ್ದೀಯ ಅಷ್ಟೇ, ನೋಡಿಲ್ಲ. ನಾನು ನೋಡಿದೆ. ಅಮ್ಮನ ಮಂಚದ ತುದಿಯಲ್ಲಿ ಕೂತು, ಅವಳ ಕೈ ಹಿಡಿದುಕೊಂಡು, ಫೋನಿನ ಸ್ಪೀಕರ್ ಹಾಕಿದ್ದೆ. ಕಣ್ಣು ಪೂರ್ತಿ ಹೋದ ಮೇಲೆ ಅಮ್ಮನಿಗೆ ಕಿವಿಯೇ ಮನೆ. ಯಾವ ನಲ್ಲಿ ತೊಟ್ಟಿಕ್ಕುತ್ತಿದೆ, ಮೆಟ್ಟಿಲ ಮೇಲೆ ಯಾರ ಚಪ್ಪಲಿ, ಎಲ್ಲ ಕೂತಲ್ಲೇ ಹೇಳುತ್ತಾಳೆ. ಫೋನ್ ಬಂದ ಕೂಡಲೇ ಮುಖ ಅರಳಿತು. ನೀನು ಅಲ್ಲಿ ಟೈಪ್ ಮಾಡಿದೆ, ನಿನ್ನದು ಅಂತ ನಾನು ಕಟ್ಟಿಕೊಟ್ಟ ಧ್ವನಿ ಇಲ್ಲಿ "ಅಮ್ಮಾ, ಊಟ ಆಯ್ತಾ?" ಅಂತ ಕೇಳಿತು. ಅಮ್ಮ ನನ್ನ ಕೈ ಬಿಟ್ಟಳು. ಹೊರಗಿನವರು ಬಂದಾಗ ಕೂರುವ ಹಾಗೆ ನೆಟ್ಟಗೆ ಕೂತಳು. "ಆಯ್ತಮ್ಮ. ನೀವು ಯಾರು ಗೊತ್ತಾಗ್ಲಿಲ್ಲ. ಆಸ್ಪತ್ರೆಯವರಾ? ನಮ್ಮ ಹುಡುಗಿ ಹತ್ರ ಕೊಡ್ತೀರಾ ಸ್ವಲ್ಪ?" ಅಂದಳು.

ಆಮೇಲೆ ನೀನು "ನಾನೇ ಅಮ್ಮಾ" ಅಂತ ಬರೆದೆಯಲ್ಲ, ಅದನ್ನೂ ಆ ಧ್ವನಿ ಸಕ್ಕರೆ ಸುರಿದ ಹಾಗೆ ಹೇಳಿತು. ಅಮ್ಮ ಮರ್ಯಾದೆಗೆ ನಕ್ಕಳು. "ತಮಾಷೆ ಮಾಡ್ಬೇಡಿ ತಾಯಿ, ನನ್ನ ಮಗಳ ದನಿ ನನಗೆ ಗೊತ್ತಾಗಲ್ವಾ?" ಅಂದಳು. ನೀನು ಕರೆ ಕಡಿದೆ. ಅಷ್ಟಕ್ಕೇ ಮುಗಿಯಲಿಲ್ಲ. ಅಮ್ಮ ಫೋನನ್ನು ನನ್ನ ಕಡೆ ಚಾಚಿ, ಆಸ್ಪತ್ರೆಯವರು ಪಾಪ ಒಳ್ಳೆಯವರು, ದನಿ ಎಷ್ಟು ಚೆನ್ನಾಗಿದೆ ಅಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಪರೇಷನ್ನಿಗೆ ಹೋಗುವ ದಿನ ಬಸ್ ನಿಲ್ದಾಣದಲ್ಲಿ ನಿನಗೆ ಕೊಚ್ಚಿಕೊಂಡವಳು ನಾನೇ. ಗಂಟಲು ಹೋದರೆ ಹೋಗಲಿ, ನಿನ್ನ ಧ್ವನಿ ನನ್ನ ಲ್ಯಾಬಿನಲ್ಲಿ ಭದ್ರವಾಗಿದೆ, ನೀನು ವಾಪಸ್ ಬರುವಷ್ಟರಲ್ಲಿ ಫೋನಿನೊಳಗೆ ಕೂರಿಸಿ ಕೊಡುತ್ತೇನೆ ಅಂದೆ. ಅಲ್ಲಿಯವರೆಗೆ ಅಮ್ಮನಿಗೆ ಡಾಕ್ಟರು ಮಾತಾಡಬೇಡ ಅಂದಿದ್ದಾರೆ ಅಂತಷ್ಟೇ ಹೇಳೋಣ ಅಂತ ಮಾತಾಡಿಕೊಂಡೆವು. ನೀನು ನನ್ನ ಮಾತು ನಂಬಿ ಕತ್ತು ಕೊಟ್ಟೆ.

ಧ್ವನಿ ಇತ್ತು ಕಣೇ. ಸುಳ್ಳು ಹೇಳಲಿಲ್ಲ. ನಮ್ಮ ಲ್ಯಾಬಿಗೆ ಹೆಣ್ಣು ಧ್ವನಿ ಬೇಕು ಅಂದಾಗ ನಾನೇ ನಿನ್ನನ್ನು ತರಕಾರಿ ಮಾರುಕಟ್ಟೆಯಿಂದ ಎಳೆದುಕೊಂಡು ಹೋಗಿದ್ದೆನಲ್ಲ, ನೆನಪಿದೆಯಾ? ಗೋಡೆಗೆಲ್ಲ ಸ್ಪಂಜು ಬಡಿದ, ಚಪ್ಪಾಳೆ ತಟ್ಟಿದರೂ ಮಾರ್ದನಿ ಬರದ ಆ ಕೋಣೆ. ಹರಾಜು ಕೂಗುವ ಗತ್ತಿನಲ್ಲೇ ನೀನು ಮೊದಲ ವಾಕ್ಯ ಓದಿದೆ, ಆಚೆ ಕೂತವರು ಕಿವಿಗೆ ಹಾಕಿದ್ದನ್ನು ಕಿತ್ತೆಸೆದರು. ಕಹಳೆ ಅಂತ ಅಪ್ಪ ಸುಮ್ಮನೆ ಕರೆದರಾ! "ಬೆಕ್ಕು ಮೇಜಿನ ಕೆಳಗಿದೆ. ನಾಳೆ ಬಾಗಿಲಿಗೆ ಬಣ್ಣ ಹಚ್ಚುತ್ತಾರೆ." ಇಂಥವನ್ನೇ ಓದಿ ಓದಿ, ಇದ್ದಕ್ಕಿದ್ದ ಹಾಗೆ "ಯಾವ ಮನೇಲಿ ಹೀಗೆ ಮಾತಾಡ್ತಾರೆ ಅಕ್ಕಾ?" ಅಂತ ನಕ್ಕುಬಿಟ್ಟೆ. ಆ ನಗುವೂ ದಾಖಲಾಯಿತು. ನಮ್ಮಲ್ಲಿ ನಿನ್ನ ಹೆಸರು "ಹೆಣ್ಣು ಧ್ವನಿ ಏಳು". ಎಷ್ಟೋ ವರ್ಷ, ಹೊಸ ನೆಟ್‌ವರ್ಕ್ ಯಾವುದು ಬಂದರೂ ಮೊದಲು ನಿನ್ನ ಮಾತನ್ನೇ ಅದರೊಳಗೆ ಕಳಿಸಿ, ಆ ಕಡೆ ಹೇಗೆ ಹೊರಬರುತ್ತದೆ ಅಂತ ಕೇಳುತ್ತಿದ್ದೆವು. ಕೇಳುವವರು ಸಣ್ಣ ಸಣ್ಣ ಗೂಡುಗಳಲ್ಲಿ ಕೂತು ಐದಕ್ಕೆ ಇಷ್ಟು ಅಂತ ಅಂಕ ಹಾಕುತ್ತಿದ್ದರು.

ಈಗ ಬಂದಿರುವ ಹೊಸ ವಿಧಾನವೇ ಬೇರೆ. ಅದು ಮಾತನ್ನು ಕಳಿಸುವುದೇ ಇಲ್ಲ. ಮಾತಿನ ಒಂದು ಚೂರು ಸುಳಿವು ಕಳಿಸಿ, ಆ ಕಡೆ ತನಗೆ ತಿಳಿದ ಹಾಗೆ ಧ್ವನಿಯನ್ನು ಮತ್ತೆ ಕಟ್ಟುತ್ತದೆ. ಗರಗರ, ಕರಕರ ಎಲ್ಲ ಕೊಳೆ ಅಂತ ಒರೆಸಿ ಹಾಕುತ್ತದೆ. ಗೂಡಿನಲ್ಲಿ ಕೂತವರು ಹೆಚ್ಚುಕಮ್ಮಿ ಪೂರ್ತಿ ಅಂಕ ಕೊಟ್ಟರು. ನಮ್ಮಲ್ಲಿ ಅಂಕ ಹೆಚ್ಚು ಬಂದದ್ದೇ ಅಸಲಿ. ನಮ್ಮ ಮುಖ್ಯಸ್ಥರು ಹಳೆಯ ಧ್ವನಿಗಳನ್ನೆಲ್ಲ ಈ ವಿಧಾನದಲ್ಲಿ ಹಾಯಿಸಿ, ಬಂದದ್ದನ್ನು ಇಟ್ಟು, ಹಳೆಯವನ್ನು ಜಾಗ ಸಾಲದು ಅಂತ ಅಳಿಸಿಹಾಕಿದರು. ನನಗೆ ತಿಳಿದದ್ದು ನಿನ್ನ ಆಪರೇಷನ್ ಆದ ಮೇಲೆ. ಎಲ್ಲಾದರೂ ಹಳೆಯ ಪ್ರತಿ ಉಳಿದಿದೆಯಾ ಅಂತ ಬೀರು ಬೀರು ಹುಡುಕಿದೆ, ನೆಲದ ಮೇಲೆ ಕೂತು ಧೂಳು ತಿಂದೆ. ಅವರು ಬಾಗಿಲಲ್ಲಿ ನಿಂತು, "ಮೊದಲಿಗಿಂತ ಈಗಲೇ ಚೆನ್ನಾಗಿದೆಯಲ್ಲ, ಯಾಕಿಷ್ಟು ಒದ್ದಾಡ್ತೀರಿ?" ಅಂತ ನಿಜವಾಗಿಯೂ ಅರ್ಥವಾಗದೆ ಕೇಳಿದರು. ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಮಾರುಕಟ್ಟೆಯವರ ಹತ್ತಿರ ನೀನು ಹರಾಜು ಕೂಗುವ ವಿಡಿಯೋ ಕೇಳಿ ತಂದೆ. ಅದರ ತುಂಬ ಲಾರಿ ಹಾರ್ನು, ಜನರ ಗಲಾಟೆ. ಅದರಿಂದ ಮಾತು ಕಟ್ಟಲು ಆಗಲಿಲ್ಲ. ಕಡೆಗೆ ಆ ಒರೆಸಿಟ್ಟ ಧ್ವನಿಯಿಂದಲೇ ಕಟ್ಟಿ ನಿನ್ನ ಫೋನಿಗೆ ಕಳಿಸಿದೆ, ಭಾನುವಾರ ಮಾತಾಡಿದ್ದು ಅದೇ.

ಇನ್ನೊಂದು ಹೇಳುತ್ತೇನೆ, ಮನಸ್ಸು ಕಲ್ಲು ಮಾಡಿಕೊಂಡು ಓದು. ಆ ಹೊಸ ಧ್ವನಿಯಲ್ಲಿ ನಿನ್ನ ನಗು ಎಲ್ಲಿ ಹೋಯಿತು ಅಂತ ಹುಡುಕಿದೆ. ಅಲ್ಲಿ ಬರೀ "ಸ್ಸ್" ಅಂತ ಇದೆ. ಅದು ನನ್ನದೇ ಕೆಲಸ. ಲ್ಯಾಬಿಗೆ ಸೇರಿದಾಗಿನಿಂದ ನಾನು ಮಾಡಿದ್ದು ಇಷ್ಟೇ: ಯಾವುದು ಮಾತು, ಯಾವುದು ಮಾತಲ್ಲ ಅಂತ ಫೋನಿಗೆ ಕಲಿಸುವುದು. ಮಾತಲ್ಲದ ಹೊತ್ತಿನಲ್ಲಿ ಫೋನ್ ಕಳಿಸುವುದನ್ನೇ ನಿಲ್ಲಿಸಬೇಕು, ಗಾಳಿಯಲ್ಲಿ ಬೇರೆಯವರ ಕರೆಗೆ ಜಾಗ ಸಿಗಬೇಕು, ಬ್ಯಾಟರಿ ಉಳಿಯಬೇಕು. ಆದರೆ ಆ ಕಡೆ ಪೂರ್ತಿ ನಿಶ್ಶಬ್ದವಾದರೆ ಕೇಳುವವರು ಕರೆ ಕಡಿಯಿತು ಅಂದುಕೊಂಡು ಗಾಬರಿಯಾಗುತ್ತಾರೆ. ಅದಕ್ಕೇ ಕೇಳುವವರ ಫೋನೇ ತನ್ನೊಳಗೆ ಒಂದು ಸಣ್ಣ ಸದ್ದು ಹುಟ್ಟಿಸುತ್ತದೆ. ನಾವು ಅದನ್ನು ಸಮಾಧಾನದ ಸದ್ದು ಅನ್ನುತ್ತೇವೆ. ನಿನ್ನ ನಗು ಮಾತಲ್ಲ ಅಂತ ತೀರ್ಮಾನಿಸಿದ್ದು ನಾನು ಕಲಿಸಿದ ಬುದ್ಧಿ.

ಆಸ್ಪತ್ರೆಗೆ ಸೇರಿದಾಗಿನಿಂದ ದಿನಾ ಸಂಜೆ ನೀನು ಅಮ್ಮನಿಗೆ ಫೋನ್ ಮಾಡಿ ಸುಮ್ಮನೆ ಹಿಡಿದುಕೊಂಡಿರುತ್ತಿದ್ದೆ. ಅಮ್ಮ ಒಬ್ಬಳೇ ಊರ ಸುದ್ದಿಯೆಲ್ಲ ಹೇಳಿ, ನಡುವೆ ನಿಲ್ಲಿಸಿ, "ಹ್ಞಾ, ಉಸಿರು ಕೇಳಿಸ್ತಿದೆ, ಮಾತಾಡ್ಬೇಡ, ಸುಮ್ನಿರು" ಅನ್ನುತ್ತಿದ್ದಳು. ಅದು ನಿನ್ನ ಉಸಿರಲ್ಲ ಕಹಳೆ. ನಿನ್ನ ಉಸಿರನ್ನು ನಿನ್ನ ಫೋನ್ ಕಳಿಸಿಯೇ ಇಲ್ಲ. ನಾನು ಪಕ್ಕದಲ್ಲೇ ಕೂತು ಇದನ್ನೆಲ್ಲ ಕೇಳುತ್ತಿದ್ದೆ, ಒಂದು ದಿನವೂ ಬಾಯಿ ಬಿಡಲಿಲ್ಲ. ಅವಳ ಮುಖ ನೋಡಿದ್ದರೆ ನೀನೂ ಬಿಡುತ್ತಿರಲಿಲ್ಲ.

ನಿನಗೆ ಈಗ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಇನ್ನೊಂದು ಪ್ರಯೋಗ ಮಾಡುತ್ತೇನೆ, ಮುಂದಿನ ತಿಂಗಳು ಸರಿಹೋಗುತ್ತದೆ ಅಂತ ಬರೆಯಲು ಬರುತ್ತದೆ, ಅಂಥ ವರದಿಗಳನ್ನು ಜೀವಮಾನವಿಡೀ ಬರೆದಿದ್ದೇನೆ. ನಿನಗೆ ಬರೆಯಲಾರೆ. ಧ್ವನಿ ಹೋಯಿತು, ನಾನೂ ಉಳಿಸಲಿಲ್ಲ. ಅದು ಮತ್ತೆ ಬರುವುದಿಲ್ಲ. ಆದರೆ ನೀನು ರೇಡಿಯೇಷನ್‌ಗೆ ಹೋಗು. ಅಮ್ಮನಿಗೆ ಧ್ವನಿ ಇಲ್ಲದ ಮಗಳೂ ಆಗುತ್ತಾಳೆ. ನೀನು ಬಂದು ಅವಳ ಕೆನ್ನೆ ಹಿಡಿದರೆ ನೀವು ಯಾರು ಅಂತ ಕೇಳುವುದಿಲ್ಲ. ನನಗೂ ನೀನು ಬೇಕು. ಜಗಳಕ್ಕಾದರೂ ಬೇಕು. ನೀನಿಲ್ಲದ ಈ ಮನೆಯಲ್ಲಿ ನನ್ನ ಮಾತು ನನಗೇ ಕೇಳಿಸಿ ಹೇಸಿಗೆಯಾಗುತ್ತದೆ.

ಬೈಯುವುದಿದ್ದರೆ ಸ್ಲೇಟು ತುಂಬ ಬೈದು ಫೋಟೋ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಕೈಲಾಗದ
ಅಕ್ಕ

ಮರೆತಿದ್ದೆ ಅಂತ ಕೆಳಗೆ ಬರೆಯುತ್ತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಸೋಮವಾರ ಸಂಜೆ ನಿನ್ನ ಫೋನ್ ಬರಲಿಲ್ಲ. ಅಮ್ಮ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೇ ಇದ್ದಳು, ಅನ್ನ ಮುಟ್ಟಲಿಲ್ಲ. ಮಂಗಳವಾರ ನಾನು ಮಹಡಿ ಮೇಲೆ ಹೋಗಿ, ಲ್ಯಾಬಿನ ಫೋನಿನಿಂದ ಅವಳಿಗೆ ಕರೆ ಮಾಡಿ, ಬಾಯಿ ಮುಚ್ಚಿಕೊಂಡು ನಿಂತೆ. "ಬಂದ್ಯಾ ಕಹಳೆ? ಹ್ಞಾ, ಉಸಿರು ಕೇಳಿಸ್ತಿದೆ" ಅಂದಳು. ಅವಳಿಗೆ ವ್ಯತ್ಯಾಸ ತಿಳಿಯಲಿಲ್ಲ. ಆ ಸದ್ದು ಯಾರು ಸುಮ್ಮನಿದ್ದರೂ ಅದೇ. ಅವತ್ತಿನಿಂದ ದಿನಾ ಮಾಡುತ್ತಿದ್ದೇನೆ. ಈಗ ತಾನೇ ಇಳಿದು ಬಂದೆ. ಇವತ್ತು ದನಿ ತಗ್ಗಿಸಿ ಹೇಳಿದಳು: "ನಿಮ್ಮಕ್ಕ ಸರಿಯಾಗಿ ಈ ಹೊತ್ತಿಗೇ ಮಹಡಿ ಹತ್ತಿಬಿಡ್ತಾಳೆ ಕಣೇ. ಅವಳಿಗೇನೋ ಸಂಕಟ ಇದೆ, ನನ್ನ ಹತ್ರ ಹೇಳಲ್ಲ. ಗಂಟಲು ವಾಸಿಯಾದ ಮೇಲೆ ನೀನೇ ಕೇಳು." ನಾಳೆಯ ಕರೆ ನೀನೇ ಮಾಡೇ.